ಕಚ್ಚಿ ನಿಂತ ದೋಣಿಯ ಇಂಜಿನು

ಕಬ್ಬಿಣದ ಸ್ವಭಾವವು ವಿಚಿತ್ರವಾದುದು. ದುಡಿಯುತ್ತಿರುವಷ್ಟು ದಿನ ಅದು ಹೊಳೆಯುವುದು. ಸುಮ್ಮನೆ ಕುಳ್ಳಿರಿಸಿದೊಡನೆ ಸವೆಯತೊಡಗುವುದು. ದಿನವೂ ನೆಲವನ್ನು ಸೀಳುವ ನೇಗಿಲಿನ ಗುಳವು ಕನ್ನಡಿಯಂತಿರುವುದನ್ನೂ, ಅಟ್ಟದ ಮೇಲಿಟ್ಟ ಕತ್ತಿಯು ಒಂದೇ ಮಳೆಗಾಲದಲ್ಲಿ ಕೆಂಪಗಾಗುವುದನ್ನೂ ನಮ್ಮ ವಾಚಕರು ಕಂಡೇ ಇರುವರು. ಕತ್ತಿಯಾದರೆ ಉಜ್ಜಿದರಾಯಿತು. ಆದರೆ ನಾಲ್ಕಾರು ವರ್ಷ ಕದಲದೆ ನಿಂತ ದೋಣಿಯ ಇಂಜಿನಿನ ಹೊಟ್ಟೆಯೊಳಗೆ ಈ ತುಕ್ಕು ಸೇರಿಕೊಂಡರೆ ಗತಿಯೇನು? ಒಂದು ಮನೆತನದ ಅನ್ನದ ದಾರಿಯೇ ಅದಾಗಿದ್ದರೆ, ಈ ಪ್ರಶ್ನೆಯು ಬರಿಯ ಯಂತ್ರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ನಮ್ಮ ಪಡುವಣ ಕರಾವಳಿಯಲ್ಲಿ ಹಿಂದೆ ಮೀನುದೋಣಿಗಳು ಹಾಯಿಯಿಂದಲೂ ಹುಟ್ಟಿನಿಂದಲೂ ನಡೆಯುತ್ತಿದ್ದುವು. 1952ರಲ್ಲಿ ಭಾರತ, ನಾರ್ವೆ ಮತ್ತು ಸಂಯುಕ್ತ ರಾಷ್ಟ್ರಸಂಸ್ಥೆಗಳ ನಡುವೆ ಒಪ್ಪಂದವಾಗಿ, ಕೇರಳದ ಕೊಲ್ಲಮಿನ ಬಳಿಯ ನೀಂಡಕರದಲ್ಲಿ ಯಂತ್ರದ ದೋಣಿಗಳನ್ನು ಬಳಕೆಗೆ ತರುವ ಕಾರ್ಯವು ಮೊದಲಾಯಿತು. ಕಾಲಕ್ರಮದಲ್ಲಿ ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರಗಳ ರೇವುಗಳಲ್ಲಿಯೂ ಡೀಸೆಲ್ ಇಂಜಿನಿನ ಸದ್ದೇ ಬೆಳಗಿನ ಸದ್ದಾಯಿತು. ರುಡಾಲ್ಫ್ ಡೀಸೆಲನು 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ನಡೆಯಿಸಿ ತೋರಿಸಿದ ಯಂತ್ರದ ಸಂತಾನವೇ ಇವೆಲ್ಲವೂ. ಇದರಲ್ಲಿ ಬೆಂಕಿಯ ಕಿಡಿಯಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ನು ಸುಮಾರು ಹದಿನಾರರಿಂದ ಇಪ್ಪತ್ತರಲ್ಲೊಂದು ಪಾಲಿಗೆ ಒತ್ತಿದಾಗ ಆ ಗಾಳಿಯೇ 500 ಡಿಗ್ರಿಗೂ ಮಿಕ್ಕಿ ಕಾಯುವುದು. ಅದರೊಳಕ್ಕೆ ಚಿಮ್ಮಿದ ಎಣ್ಣೆಯು ತಾನಾಗಿ ಹೊತ್ತಿಕೊಳ್ಳುವುದು. ಇಷ್ಟು ಒತ್ತಡವನ್ನು ಸೋರಗೊಡದೆ ಹಿಡಿಯಬೇಕಾದುದರಿಂದ ಪಿಸ್ಟನ್ನಿನ ಸುತ್ತ ಉಂಗುರಗಳಿರುವುವು. ಅವು ಸಿಲಿಂಡರಿನ ಗೋಡೆಗೆ ಒತ್ತಿಕೊಂಡೇ ಇರುವುವು.

ಆ ಅಂಟಿದ ಜಾಗದಲ್ಲಿಯೇ ತೊಂದರೆಯ ಮೂಲವಿರುವುದು. ಇಂಜಿನು ನಿಂತಾಗ ಯಾವುದೋ ಒಂದು ಕವಾಟವು ತೆರೆದೇ ಉಳಿಯುವುದು. ಹೊಗೆಯ ಕೊಳವೆಯ ಮೂಲಕ ಉಪ್ಪುಗಾಳಿಯು ಅದರೊಳಕ್ಕೆ ನುಸುಳುವುದು. ಅನೇಕ ದೋಣಿಗಳಲ್ಲಿ ಹೊಗೆಯನ್ನು ತಣಿಸುವುದಕ್ಕಾಗಿ ಸಮುದ್ರದ ನೀರನ್ನೇ ಆ ಕೊಳವೆಗೆ ಬಿಡುವ ಏರ್ಪಾಡಿದೆ. ಕೊಳವೆಯ ಮೊಣಕೈ ತೂತಾಗಿದ್ದರೆ ನೀರೇ ಹಿಂದಕ್ಕೆ ಹರಿದು ಸಿಲಿಂಡರನ್ನು ಸೇರುವುದೂ ಉಂಟು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ತುಕ್ಕಾದರೋ ತಾನು ಹುಟ್ಟಿದ ಕಬ್ಬಿಣಕ್ಕಿಂತ ಇಮ್ಮಡಿಗೂ ಮಿಕ್ಕಿ ಜಾಗವನ್ನು ಬೇಡುವ ವಸ್ತು. ಕೂದಲೆಳೆಯಷ್ಟು ಸಂದಿಯಲ್ಲಿ ಅದು ಉಬ್ಬಿದಾಗ ಉಂಗುರವೂ ಗೋಡೆಯೂ ಒಂದೇ ಲೋಹವೋ ಎಂಬಂತೆ ಕಚ್ಚಿಕೊಳ್ಳುವುವು.

ಕುಂದಾಪುರದ ನೆರೆಯಲ್ಲಿ, ಐದು ಹೊಳೆಗಳು ಸೇರಿ ಕಡಲನ್ನು ಕೂಡುವ ಗಂಗೊಳ್ಳಿಯಲ್ಲಿ, ಇಂತಹ ಒಂದು ಇಂಜಿನಿನ ಚಿಕಿತ್ಸೆಯನ್ನು ನಾವು ಕಣ್ಣಾರೆ ಕಂಡೆವು. ಎರಡು ಸಿಲಿಂಡರಿನ ಚಿಕ್ಕ ಡೀಸೆಲ್ ಇಂಜಿನು ಅದು. ಯಜಮಾನನು ತೀರಿಕೊಂಡ ಮೇಲೆ ದೋಣಿಯನ್ನು ದಡಕ್ಕೆಳೆದು ಮಡಲಿನ ಚಪ್ಪರದಡಿಯಲ್ಲಿಟ್ಟಿದ್ದರು. ಐದು ಮಳೆಗಾಲಗಳು ಹಾಗೆಯೇ ಕಳೆದುವು. ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಮಗನು ಊರಿಗೆ ಮರಳಿದಾಗ, ಗುಜರಿಯ ವ್ಯಾಪಾರಿಯು ಇಂಜಿನನ್ನು ತೂಕದ ಲೆಕ್ಕದಲ್ಲಿ ಕೇಳಿಹೋಗಿದ್ದನು. ತಾಯಿಗೆ ಅದನ್ನು ಕೊಡುವ ಮನಸ್ಸಿಲ್ಲ. ಹೊಸದನ್ನು ಕೊಳ್ಳುವ ಶಕ್ತಿಯೂ ಇಲ್ಲ. ಕೊನೆಗೆ ಊರಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆಯಿಸಿದರು. ಅವರು ನೋಡಿ, “ಅಕ್ಕಾ, ಒಂದು ತಿಂಗಳು ಇದನ್ನು ನನ್ನ ಕೈಗೆ ಬಿಡಿ. ಆಗದಿದ್ದರೆ ಗುಜರಿಯವನು ಎಲ್ಲಿಗೂ ಓಡಿಹೋಗುವುದಿಲ್ಲ” ಎಂದರು.

ಅವರು ಮೊದಲು ಮಾಡಿದ ಕೆಲಸವು ನಮ್ಮನ್ನು ಬೆರಗುಗೊಳಿಸಿತು. ಇಂಜಿನನ್ನು ಮುಟ್ಟದೆ, ಅದರ ಸುತ್ತಲಿನ ನೆಂಟರನ್ನೆಲ್ಲ ಬೇರ್ಪಡಿಸಿದರು. ಪಟ್ಟಿಯನ್ನು ಕಳಚಿದರು, ಸ್ಟಾರ್ಟರನ್ನು ತೆಗೆದರು, ಗೇರುಪೆಟ್ಟಿಗೆಯಿಂದ ಪಂಕದ ದಂಡವನ್ನು ಬಿಡಿಸಿದರು. ಪಂಕಕ್ಕೆ ಹಗ್ಗ ಸುತ್ತಿದ್ದರೂ, ನೀರಿನ ಪಂಪು ಕಚ್ಚಿದ್ದರೂ ಇಂಜಿನು ತಿರುಗದು. ತಪ್ಪು ಒಬ್ಬನದು, ದಂಡನೆ ಮತ್ತೊಬ್ಬನಿಗೆ ಆಗಬಾರದಷ್ಟೆ. ಇಷ್ಟಾದರೂ ಇಂಜಿನು ಅಲುಗದಿರಲು, ರೋಗವು ಒಳಗೇ ಇರುವುದೆಂದು ನಿಶ್ಚಯವಾಯಿತು.

ಬಳಿಕ ತಳದ ಎಣ್ಣೆಯ ಪರೀಕ್ಷೆ. ಅಳತೆಯ ಕಡ್ಡಿಯಲ್ಲಿ ಎಣ್ಣೆಯು ಗುರುತಿಗಿಂತ ಮೇಲಕ್ಕೆ ಬಂದಿದ್ದರೂ, ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೂ ನೀರು ಸೇರಿದೆಯೆಂದು ತಿಳಿಯತಕ್ಕದ್ದು. ತಳದ ತಿರುಪನ್ನು ಬಿಚ್ಚಿದಾಗ ಭಾರವಾದ ನೀರೇ ಮೊದಲು ಬರುವುದು. ಇಲ್ಲಿ ಒಂದು ಬೊಗಸೆಯಷ್ಟು ಮಾತ್ರ ಬಂದಿತು. ಅನಂತರ ಎಣ್ಣೆ ಚಿಮ್ಮಿಸುವ ಇಂಜೆಕ್ಟರುಗಳನ್ನು ಬಿಚ್ಚಿ, ತೂತುಗಳಿಂದ ದೀಪವನ್ನು ಬಿಟ್ಟು ಒಳಗೆ ನೋಡಿದರು. ಒಂದನೆಯ ಸಿಲಿಂಡರು ಒಣಗಿತ್ತು. ಎರಡನೆಯದರಲ್ಲಿ ಕೆಂಪು ಕೆಸರು. ಪಿಸ್ಟನ್ನಿನ ಮೇಲೆ ನೀರು ನಿಂತಿರುವಾಗ ಬಲವಂತದಿಂದ ತಿರುಗಿಸಿದರೆ, ಗಾಳಿಯಂತೆ ನೀರು ಕುಗ್ಗದಾದುದರಿಂದ ಪಿಸ್ಟನ್ನನ್ನು ಹಿಡಿದಿರುವ ದಂಡವೇ ಬಾಗುವುದು. ಆದುದರಿಂದ ಆ ಕೆಸರನ್ನೆಲ್ಲ ಪಿಚಕಾರಿಯಿಂದ ಹೀರಿ ತೆಗೆದರು.

ಮೇಲಿನ ಮುಚ್ಚಳವನ್ನು ತೆಗೆದು ಕವಾಟಗಳನ್ನೂ ಪರೀಕ್ಷಿಸಿದರು. ತೆರೆದಂತೆಯೇ ಕಚ್ಚಿಕೊಂಡ ಕವಾಟವು, ಪಿಸ್ಟನ್ನು ಮೇಲಕ್ಕೆ ಬಂದಾಗ ಅದಕ್ಕೆ ಬಡಿದು ಬಾಗುವ ಸಂಭವವುಂಟು. ಕವಾಟವನ್ನೊತ್ತುವ ಸನ್ನೆಗಳನ್ನು ಸಡಿಲಿಸಿ, ಕಾಂಡಗಳಿಗೆ ಎಣ್ಣೆ ಬಿಟ್ಟು, ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತ ಬಂದಾಗ ಅವು ಒಂದೊಂದಾಗಿ ಸಡಿಲವಾದುವು.

ಇನ್ನು ಮುಖ್ಯವಾದ ಔಷಧ. ಸೀಮೆಎಣ್ಣೆಯನ್ನೂ ತೆಳುವಾದ ಯಂತ್ರದೆಣ್ಣೆಯನ್ನೂ ಬೆರೆಸಿ ಒಂದೊಂದು ಸಿಲಿಂಡರಿಗೆ ಅರ್ಧ ಲೋಟದಷ್ಟು ಹೊಯ್ದರು. ಅಸಿಟೋನ್ ಎಂಬ ದ್ರವವನ್ನು ಮೋಟಾರು ಗೇರಿನ ತೆಳು ಎಣ್ಣೆಯೊಡನೆ ಬೆರೆಸಿ ಬಳಸುವವರೂ ಇರುವರು. ಅವೆರಡೂ ಬೇಗನೆ ಬೇರ್ಪಡುವುದರಿಂದ ಹೊಯ್ಯುವ ಮೊದಲು ಪ್ರತಿಸಲವೂ ಕುಲುಕಬೇಕು. ಅದರ ಆವಿಯು ಗಾಳಿಗಿಂತ ಭಾರವಾಗಿ ದೋಣಿಯ ತಳದಲ್ಲಿ ಕೂಡಿಕೊಳ್ಳುವುದರಿಂದ ಬೀಡಿ, ದೀಪ, ಕಿಡಿ ಯಾವುದೂ ಹತ್ತಿರ ಸುಳಿಯಕೂಡದು. ಹೊಯ್ದ ದ್ರವವು ಎಷ್ಟು ಆಳವಿದೆಯೆಂದು ತೆಳು ಕಡ್ಡಿಯಿಂದ ಅಳೆದು ಗೋಡೆಯ ಮೇಲೆ ಇದ್ದಿಲಿನಿಂದ ಗೀಟೆಳೆದರು. ದಿನದಿನಕ್ಕೂ ಅದು ಇಳಿಯುತ್ತ ಬಂದರೆ, ಉಂಗುರಗಳ ಸಂದಿಯಲ್ಲಿ ಎಣ್ಣೆಯು ದಾರಿಮಾಡಿಕೊಳ್ಳುತ್ತಿದೆಯೆಂದು ಅರ್ಥ. ಒಂದನೆಯ ಸಿಲಿಂಡರಿನ ಎಣ್ಣೆಯು ಎರಡೇ ದಿನಗಳಲ್ಲಿ ಇಳಿಯಿತು. ಎರಡನೆಯದರದು ಐದು ದಿನ ಕದಲಲಿಲ್ಲ.

ಮಗನಿಗೆ ಸಹನೆ ತಪ್ಪಿತು. ಉದ್ದನೆಯ ಕಬ್ಬಿಣದ ಕೊಳವೆಯನ್ನು ಹಾರೆಗೆ ಸೇರಿಸಿ ಒಮ್ಮೆ ಬಲವಾಗಿ ಎಳೆದರೆ ಬಿಡಬಹುದೆಂದು ಅವನ ಎಣಿಕೆ. ಮೇಸ್ತ್ರಿಗಳು ಕೊಳವೆಯನ್ನು ಕಿತ್ತುಕೊಂಡು, “ಮಾಣೀ, ಬಿಗಿಯನ್ನು ಮುರಿಯುವುದು ಬೇರೆ, ಬಿಡಿಸುವುದು ಬೇರೆ. ನಿನ್ನಪ್ಪ ಇದನ್ನು ಮುರಿಯುವುದಕ್ಕೆ ಇಟ್ಟುಹೋಗಲಿಲ್ಲ” ಎಂದರು. ಕಬ್ಬಿಣ ಕಾದಾಗ ಬಡಿ ಎಂಬ ಗಾದೆಯು ಕಮ್ಮಾರನ ಕುಲುಮೆಗೆ ಸರಿ. ಇಲ್ಲಿ ಸಲ್ಲುವುದು ತಾಳಿದವನು ಬಾಳಿಯಾನು ಎಂಬುದೇ.

ಆದರೂ ಕಾಯಿಸುವುದರಿಂದ ಪ್ರಯೋಜನವಿಲ್ಲವೆಂದಲ್ಲ. ಅಸಿಟೋನನ್ನು ಬಳಸದಿದ್ದ ಅವರು, ಸಿಲಿಂಡರಿನ ಸುತ್ತಣ ನೀರಿನ ಕೋಣೆಗೆ ಮೊದಲು ಉಗುರುಬೆಚ್ಚಗಿನ ನೀರನ್ನೂ, ಸ್ವಲ್ಪ ಹೊತ್ತಿನ ಮೇಲೆ ಬಿಸಿನೀರನ್ನೂ ತುಂಬಿದರು. ತಣ್ಣನೆಯ ಎರಕದ ಕಬ್ಬಿಣಕ್ಕೆ ಕುದಿಯುವ ನೀರನ್ನು ಒಮ್ಮೆಗೇ ಸುರಿದರೆ ಸೀಳುವ ಭಯವುಂಟು. ನೀರಿನಿಂದ ಗೋಡೆಯು ಮೊದಲು ಕಾದು ಹಿಗ್ಗುವುದು. ಪಿಸ್ಟನ್ನು ಅಲ್ಯೂಮಿನಿಯಮಿನದಾಗಿದ್ದರೆ, ಅದೇ ಶಾಖಕ್ಕೆ ಕಬ್ಬಿಣದ ಸುಮಾರು ಎರಡರಷ್ಟು ಅದು ಹಿಗ್ಗುವುದು. ಕಾಯುವಾಗಲೂ ಆರುವಾಗಲೂ ಎರಡು ಲೋಹಗಳು ಹೆಜ್ಜೆ ತಪ್ಪಿ ನಡೆಯುವುದರಿಂದ ನಡುವಣ ತುಕ್ಕಿನ ಪದರವು ಬಿರಿಯುವುದು. ಆ ಬಿರುಕಿನಲ್ಲಿ ಎಣ್ಣೆಯು ಇಳಿಯುವುದು. ಹೀಗೆ ಬೆಳಿಗ್ಗೆ ಕಾಯಿಸುವುದು, ರಾತ್ರಿ ಆರಗೊಡುವುದು, ನಡುವೆ ಎಣ್ಣೆ ಹೊಯ್ಯುವುದು ನಿತ್ಯವಿಧಿಯಾಯಿತು. ಬೆಂಕಿಯ ಜ್ವಾಲೆಯನ್ನಂತೂ ಹತ್ತಿರ ತರಲಿಲ್ಲ.

ತಿರುಗಿಸುವ ಯತ್ನವೂ ದಿನಕ್ಕೊಮ್ಮೆ ನಡೆಯುತ್ತಿತ್ತು. ದೊಡ್ಡ ಗಾಲಿಯ ಹಲ್ಲಿಗೆ ಸನ್ನೆಗೋಲನ್ನು ಕೊಟ್ಟು, ಒಬ್ಬನ ತೋಳಿನ ಬಲ ಮಾತ್ರ ಹಾಕಿ, ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಒತ್ತಿ ಹಿಡಿಯುವುದು. ಗಾಲಿಯ ಮೇಲೆ ಸುಣ್ಣದ ಗುರುತು. ಒಂಬತ್ತನೆಯ ದಿನ ಆ ಗುರುತು ಒಂದು ಅಕ್ಕಿಕಾಳಿನಷ್ಟು ಸರಿಯಿತು. ಮಗನು ಹಿಗ್ಗಿ ಸುತ್ತು ತಿರುಗಿಸಲು ಮುಂದಾದನು. ಮೇಸ್ತ್ರಿಗಳು ಅದನ್ನು ಮತ್ತೆ ಮೊದಲಿನ ಜಾಗಕ್ಕೇ ತಂದರು. ಬಿಡಿಸಿಕೊಂಡ ತುಕ್ಕಿನ ಪುಡಿಯು ಸಾಣೆಕಲ್ಲಿನ ಪುಡಿಯಂತೆ ಗೋಡೆಯನ್ನು ಗೀರುವುದಾದುದರಿಂದ ಎಣ್ಣೆಯಿಂದ ಅದನ್ನು ತೊಳೆಯುತ್ತ, ಅಕ್ಕಿಕಾಳನ್ನು ಬೆರಳಗಲ ಮಾಡಿ, ಬೆರಳನ್ನು ಗೇಣು ಮಾಡಿ ಮುಂದುವರಿಯಬೇಕು. ಹದಿನಾಲ್ಕನೆಯ ದಿನ ಗಾಲಿಯು ಪೂರ್ತಿ ಒಂದು ಸುತ್ತು ಬಂದಿತು. ತಾಯಿಯು ಅಡುಗೆಮನೆಯಿಂದ ಬಂದು ನಿಂತು ನೋಡಿದಳು. ಒಂದು ಮಾತನ್ನೂ ಆಡಲಿಲ್ಲ.

ಒಂದುವೇಳೆ ಇಷ್ಟಕ್ಕೂ ಬಿಡದಿದ್ದರೆ? ಆಗ ಮೇಲಿನ ತಲೆಯನ್ನೇ ಬಿಚ್ಚಿ, ಪಿಸ್ಟನ್ನಿನ ಮೇಲೆ ಅದರ ಅಗಲದ ಮರದ ತುಂಡನ್ನಿಟ್ಟು ಮೆಲ್ಲನೆ ಬಡಿಯುವುದುಂಟು. ತಲೆಯನ್ನು ಮರಳಿ ಕೂಡಿಸುವಾಗ ಹೊಸ ಗ್ಯಾಸ್ಕೆಟ್ಟು ಬೇಕಾಗುವುದು. ಗೋಡೆಯಲ್ಲಿ ಆಳವಾದ ಕುಳಿಗಳು ಬಿದ್ದಿದ್ದರೆ ಸಿಲಿಂಡರಿನ ಒಳತೋಡನ್ನು ಬದಲಾಯಿಸಬೇಕು. ಅನೇಕ ಡೀಸೆಲ್ ಇಂಜಿನುಗಳಲ್ಲಿ ಇದಕ್ಕೆ ಅನುಕೂಲವಿರುವುದು. ಹೊರಗವಚವೇ ಸೀಳಿದ್ದರೆ ಮಾತ್ರ ಗುಜರಿಯವನ ಮಾತನ್ನು ಕೇಳಬಹುದು.

ತಿರುಗಿದ ಇಂಜಿನನ್ನು ಅಂದೇ ನಡೆಯಿಸುವ ಆತುರವೂ ಅಪಾಯಕರವಾದುದು. ಸಿಲಿಂಡರಿಗೆ ಹೊಯ್ದ ದ್ರವವೆಲ್ಲ ತಳಕ್ಕಿಳಿದಿರುವುದರಿಂದ ತಳದೆಣ್ಣೆಯನ್ನೂ ಅದರ ಸೋಸುಕವನ್ನೂ ಹೊಸದು ಮಾಡಬೇಕು. ಟಾಂಕಿಯ ಹಳೆಯ ಡೀಸೆಲನ್ನು ಪೂರಾ ಚೆಲ್ಲಬೇಕು. ಅದರ ತಳದ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗಿ ಸೋಸುಕವನ್ನು ಕಟ್ಟುವುವು. ಇಂಜೆಕ್ಟರುಗಳನ್ನು ತಕ್ಕ ಕಾರ್ಖಾನೆಯಲ್ಲಿ ಪರೀಕ್ಷಿಸಿ ತರಬೇಕು. ನೀರಿನ ಪಂಪಿನ ರಬ್ಬರು ಚಕ್ರವು ವರ್ಷಗಟ್ಟಲೆ ಒಂದೇ ಭಂಗಿಯಲ್ಲಿದ್ದು ಸೆಟೆದಿರುವುದು, ಅದನ್ನು ಬದಲಾಯಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಡೀಸೆಲನ್ನು ಅಳೆದುಕೊಡುವ ಪಂಪಿನ ಒಳದಂಡವು ಪೂರ್ಣ ತೆರೆದಲ್ಲಿಯೇ ಕಚ್ಚಿಕೊಂಡಿದ್ದರೆ, ಹೊತ್ತಿಕೊಂಡ ಇಂಜಿನು ಹಿಡಿತ ತಪ್ಪಿ ಓಡಿ ತನ್ನನ್ನೇ ಒಡೆದುಕೊಳ್ಳುವುದು. ನಿಲ್ಲಿಸುವ ಹಿಡಿಯು ಸರಾಗವಾಗಿ ಆಡುವುದೇ ಎಂದು ಮೊದಲೇ ನೋಡಬೇಕು. ಗಾಳಿ ಸೇದುವ ಬಾಯಿಯನ್ನು ಮುಚ್ಚಲು ಒಂದು ದಪ್ಪ ಹಲಗೆಯನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಕೈಯನ್ನು ಎಂದಿಗೂ ಅಡ್ಡವಿಡಬಾರದು.

ಇಂಜೆಕ್ಟರುಗಳನ್ನು ಹಾಕುವ ಮುನ್ನ, ಸ್ಟಾರ್ಟರನ್ನು ಮಾತ್ರ ಕೂಡಿಸಿ ಬರಿದೇ ತಿರುಗಿಸಿದರು. ಉಳಿದ ಎಣ್ಣೆಯು ತೂತುಗಳಿಂದ ಕಾರಂಜಿಯಂತೆ ಚಿಮ್ಮಿತು. ಬಟ್ಟೆ ಮುಚ್ಚಿ ಎಲ್ಲರೂ ದೂರ ನಿಂತಿದ್ದರು. ಎಣ್ಣೆಯ ಒತ್ತಡವು ಮುಳ್ಳಿನಲ್ಲಿ ಕಂಡ ಮೇಲೆಯೇ ಉಳಿದ ಭಾಗಗಳನ್ನೆಲ್ಲ ಜೋಡಿಸಿ, ದೋಣಿಯ ಹಲಗೆಗಳ ಸಂದುಗಳನ್ನು ಮುಚ್ಚಿಸಿ, ಹೊಳೆಗಿಳಿಸಿದರು. ಸಮುದ್ರದ ನೀರನ್ನು ಒಳಬಿಡುವ ಕವಾಟವನ್ನು ಮಾತ್ರ ಇಂಜಿನು ಹೊತ್ತುವವರೆಗೆ ಮುಚ್ಚಿಯೇ ಇಟ್ಟಿದ್ದರು. ಹೊತ್ತದ ಇಂಜಿನನ್ನು ಬಹಳ ಹೊತ್ತು ತಿರುಗಿಸಿದರೆ ಪಂಪು ದೂಡಿದ ನೀರು ಹೊಗೆಯ ಕೊಳವೆಯಲ್ಲಿ ತುಂಬಿ ಪುನಃ ಸಿಲಿಂಡರಿಗೇ ಮರಳುವುದು. ಬಿಡಿಸಿದ ರೋಗವನ್ನು ಮತ್ತೆ ಕರೆದಂತಾಗುವುದು. ಹೊತ್ತಿದ ಕ್ಷಣವೇ ಕವಾಟವನ್ನು ತೆರೆಯಲು ಒಬ್ಬನನ್ನು ಅಲ್ಲಿಯೇ ನಿಲ್ಲಿಸಿದ್ದರು.

ನಾಲ್ಕನೆಯ ಯತ್ನಕ್ಕೆ ಇಂಜಿನು ಕೆಮ್ಮಿತು. ಬಿಳಿಯ ಹೊಗೆಯನ್ನು ಕಾರಿ, ಬಳಿಕ ತಾಳಹಿಡಿದು ನಡೆಯಿತು. ಎರಡನೆಯ ಸಿಲಿಂಡರಿನ ಒತ್ತಡವು ಮೊದಲನೆಯದಕ್ಕಿಂತ ಕಡಿಮೆಯೇ. ಅದರ ಉಂಗುರಗಳನ್ನು ಮುಂದಿನ ಮಳೆಗಾಲದ ಬಿಡುವಿನಲ್ಲಿ ಬದಲಾಯಿಸತಕ್ಕದ್ದೆಂದು ಮೇಸ್ತ್ರಿಗಳು ಮುಚ್ಚುಮರೆಯಿಲ್ಲದೆ ತಿಳಿಸಿದರು. ಹದಿನೈದು ನಿಮಿಷ ನಡೆದ ಮೇಲೆ ನಿಲ್ಲಿಸಿ, ಹೊಸದಾಗಿ ಹಾಕಿದ್ದ ಎಣ್ಣೆಯನ್ನು ಮತ್ತೊಮ್ಮೆ ಬದಲಾಯಿಸಿದರು. ಅದರಲ್ಲಿ ಬಂದ ತುಕ್ಕಿನ ಪುಡಿಯನ್ನು ನೋಡಿದವರಿಗೆ ಆ ಖರ್ಚು ದಂಡವೆಂದು ತೋರಲಿಲ್ಲ. ಆ ಇಂಜಿನಿನಿಂದ ಮಗನು ಹೊಳೆಯ ಮೀನುಗಾರಿಕೆಗೆ ಹೋಗತೊಡಗಿದನು, ಮುಂಬಯಿಗೆ ಮರಳಲಿಲ್ಲ.

ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದು. ಮಳೆಯೂ ಉಪ್ಪುಗಾಳಿಯೂ ಕೂಡಿಬರುವ ಆ ಕಾಲವೇ ತುಕ್ಕಿನ ಸುಗ್ಗಿ. ದೋಣಿಯನ್ನು ದಡಕ್ಕೇರಿಸುವ ಮೊದಲು ನೀರಿನ ದಾರಿಗಳನ್ನು ಸಿಹಿನೀರಿನಿಂದ ತೊಳೆಯಬೇಕು; ಬಿಸಿಯಿರುವಾಗಲೇ ತಳದೆಣ್ಣೆಯನ್ನು ಬದಲಾಯಿಸಬೇಕು; ಟಾಂಕಿಯನ್ನು ತುಂಬಿಡಬೇಕು, ಬರಿದಾಗಿದ್ದರೆ ಅದರ ಗಾಳಿಯ ತೇವವು ನೀರಾಗಿ ಇಳಿಯುವುದು. ಸಿಲಿಂಡರುಗಳಿಗೆ ಒಂದೆರಡು ಚಮಚ ಎಣ್ಣೆ ಬಿಟ್ಟು, ಹೊಗೆಯ ಬಾಯಿಯನ್ನೂ ಗಾಳಿಯ ಬಾಯಿಯನ್ನೂ ಎಣ್ಣೆಬಟ್ಟೆಯಿಂದ ಬಿಗಿದು, ಮತ್ತೆ ನಡೆಯಿಸುವ ಮುನ್ನ ಬಿಚ್ಚಬೇಕೆಂಬ ಗುರುತನ್ನೂ ಕಟ್ಟಬೇಕು. ವಾರಕ್ಕೊಮ್ಮೆ ಗಾಲಿಯನ್ನು ಕೈಯಿಂದಲೇ ಒಂದೂಕಾಲು ಸುತ್ತು ತಿರುಗಿಸಿಟ್ಟರೆ ಪಿಸ್ಟನ್ನು ಪ್ರತಿಸಲವೂ ಬೇರೆ ಜಾಗದಲ್ಲಿ ನಿಲ್ಲುವುದು.

ದೋಣಿಯಿಲ್ಲದ ಮನೆಗಳಲ್ಲಿಯೂ ತೋಟದ ಡೀಸೆಲ್ ಪಂಪು, ಅಜ್ಜಿಯ ಹೊಲಿಗೆಯ ಯಂತ್ರ, ಉಗ್ರಾಣದ ಬೀಗ ಇವೇ ನಿಯಮಕ್ಕೆ ಒಳಪಟ್ಟಿರುವುವು: ಮೊದಲು ಕಾರಣವನ್ನು ಹುಡುಕುವುದು, ಬಳಿಕ ಎಣ್ಣೆ, ಬಳಿಕ ಕಾಲ, ಕೊನೆಗೆ ಬಲ. ಗೃಹಸ್ಥರು ಈ ನಾಲ್ಕನ್ನು ಹಿಂದುಮುಂದು ಮಾಡದಿದ್ದರೆ ಮನೆಯ ಹಳೆಯ ಕಬ್ಬಿಣವು ಇನ್ನೂ ಬಹುಕಾಲ ದುಡಿಯುವುದು.