ನೆರಳೆಂಬ ಹೆಸರಿನ ಲೋಟ

ವೆನಿಸ್ ನಗರದ ಇಕ್ಕಟ್ಟಾದ ಓಣಿಗಳಲ್ಲಿ ‘ಬಾಕರೊ’ ಎಂಬ ಪುಟ್ಟ ದ್ರಾಕ್ಷಾರಸದಂಗಡಿಗಳಿವೆ. ದಿನದ ಕೆಲಸ ಮುಗಿಸಿದ ನೆರೆಹೊರೆಯವರು ಅಲ್ಲಿ ನಿಂತುಕೊಂಡೇ ಹರಟುತ್ತಾರೆ, ತಿನ್ನುತ್ತಾರೆ. ಗಾಜಿನ ಕಪಾಟಿನಲ್ಲಿ ‘ಚಿಕೆತ್ತಿ’ ಎಂಬ ಕಿರುತಿನಿಸುಗಳು: ಎಣ್ಣೆಯೊಡನೆ ಕಡೆದ ಒಣಮೀನು, ಈರುಳ್ಳಿ ಮತ್ತು ವಿನೆಗರಿನಲ್ಲಿ ನೆನೆದ ಬೂತಾಯಿ, ಬೇಯಿಸಿದ ಅರ್ಧ ಮೊಟ್ಟೆ.

ಒಣಮೀನಿಗೆ ಒಂದು ಕಥೆಯಿದೆ. 1431ರಲ್ಲಿ ಹೊರಟ ವರ್ತಕ ಪಿಯೆತ್ರೊ ಕ್ವೆರಿನಿಯ ಹಡಗು ಬಿರುಗಾಳಿಗೆ ಸಿಲುಕಿತು. ಬದುಕುಳಿದವರು ನಾರ್ವೆಯ ಲೋಫೋಟೆನ್ ದ್ವೀಪಗಳನ್ನು ಸೇರಿದರು. ಅಲ್ಲಿಯ ಒಣಮೀನನ್ನು ವೆನಿಸ್ಸಿಗೆ ಪರಿಚಯಿಸಿದವರು ಅವರೇ ಎಂಬುದು ಪ್ರತೀತಿ.

ಒಂದು ಸಣ್ಣ ಲೋಟ ದ್ರಾಕ್ಷಾರಸಕ್ಕೆ ‘ಓಂಬ್ರ’ ಎಂದು ಹೆಸರು, ಅರ್ಥ, ನೆರಳು. ಸಂತ ಮಾರ್ಕನ ಚೌಕದ ಮಾರಾಟಗಾರರು ಗಂಟೆಗೋಪುರದ ನೆರಳು ಸರಿದಂತೆಲ್ಲ ತಾವೂ ಸರಿಯುತ್ತಿದ್ದುದರಿಂದ ಈ ಹೆಸರು ಬಂದಿತೆನ್ನುತ್ತಾರೆ.

ಈ ಪದಗಳೆಲ್ಲ ವೆನಿಸ್ಸಿನ ನಾಡನುಡಿಯವು. ಇಟಲಿಯ 1999ರ ಭಾಷಾ ಅಲ್ಪಸಂಖ್ಯಾತರ ಕಾಯ್ದೆಯ ಪಟ್ಟಿಯಲ್ಲಿ ಆ ನುಡಿಗೆ ಸ್ಥಾನ ದೊರೆತಿಲ್ಲ. 1951ರಲ್ಲಿ ಸುಮಾರು 1,75,000 ಜನರಿದ್ದ ಹಳೆಯ ನಗರದಲ್ಲಿ ಈಗ 50,000ಕ್ಕೂ ಕಡಿಮೆ ನಿವಾಸಿಗಳು. ಓಣಿಗಳ ತುಂಬ ಪ್ರವಾಸಿಗರು. ‘ಓಂಬ್ರ’ ಎಂಬ ಪದ ಬೆಲೆಪಟ್ಟಿಯಲ್ಲಿ ಉಳಿದೀತು. ಆದರೆ ಅದನ್ನು ಮನೆಮಾತಿನಲ್ಲಿ ಕೇಳಿ ಪಡೆಯುವ ನೆರೆಯವನು ಉಳಿದರೆ ಮಾತ್ರ ನುಡಿ ಉಳಿದಂತೆ.