ಐರ್ಲೆಂಡಿನ ಶಕುನಗಳು: ನಗುವಂಥವು, ನಗಲಾಗದಂಥವು

ಐರ್ಲೆಂಡಿನಲ್ಲಿ ಮದುವೆಯ ಹಿಂದಿನ ರಾತ್ರಿ ಬಾಲಯೇಸುವಿನ ಪ್ರತಿಮೆಯನ್ನು ಮನೆಯ ಹೊರಗೆ ಬೇಲಿಯ ಬುಡದಲ್ಲಿ ಇಡುವ ರೂಢಿಯುಂಟು. ಮರುದಿನ ಮಳೆ ಬಾರದಿರಲೆಂದು! ನಮ್ಮ ಮನೆಗಳ ಪೀಠದಲ್ಲಿರುವ, ಪ್ರಾಗ್ ನಗರದ ಅದೇ ಬಾಲಯೇಸು. ಪ್ರತಿಮೆಯ ತಲೆ ತಾನಾಗಿ ಮುರಿದಿದ್ದರೆ ಇನ್ನೂ ಶುಭವಂತೆ; ಬೇಕೆಂದೇ ಮುರಿದರೆ ಫಲವಿಲ್ಲವಂತೆ. ಮೊದಲು ಕೇಳಿದಾಗ ನಾವು ನಕ್ಕುಬಿಟ್ಟೆವು.

ಇಂಥವು ಇನ್ನೂ ಇವೆ. ಒಂಟಿ ಮ್ಯಾಗ್‌ಪೈ ಹಕ್ಕಿ ಕಂಡರೆ ಕೆಡುಕು. ಅದಕ್ಕೊಂದು ನಮಸ್ಕಾರ ಹೇಳಿಯೇ ಮುಂದೆ ಹೋಗಬೇಕು. ಮೀನಿಗೆ ಹೊರಟವನಿಗೆ ಕೆಂಪು ಕೂದಲಿನ ಹೆಂಗಸು ಎದುರಾದರೆ ಅವನು ಮನೆಗೆ ಮರಳುತ್ತಿದ್ದ. (ಕೆಂಪು ಕೂದಲು ಆ ನಾಡಿನಲ್ಲಿ ಅಪರೂಪವೇನಲ್ಲ, ಎಷ್ಟು ದಿನ ದೋಣಿ ದಡದಲ್ಲೇ ಉಳಿಯಿತೋ!) ಮೇ 1ರ ಬೆಳಿಗ್ಗೆ ಹಾಲನ್ನಾಗಲಿ ಕೆಂಡವನ್ನಾಗಲಿ ನೆರೆಮನೆಗೆ ಕೊಡುತ್ತಿರಲಿಲ್ಲ. ಕೊಟ್ಟರೆ ಇಡೀ ವರ್ಷದ ಬೆಣ್ಣೆಯ ಭಾಗ್ಯ ಅದರ ಹಿಂದೆಯೇ ಹೊರಟುಹೋದೀತೆಂಬ ಭಯ. ಬೆಣ್ಣೆ ಮಾರಿ ಗೇಣಿ ಕಟ್ಟಬೇಕಿದ್ದ ಬಡವರ ಭಯವದು. ಅದಕ್ಕೆ ನಗಲು ನಮಗೆ ಮನಸ್ಸಾಗದು. 1937ರಿಂದ 1939ರವರೆಗೆ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ಹಿರಿಯರನ್ನು ಕೇಳಿ ಇಂಥ ನಂಬಿಕೆಗಳನ್ನು ಬರೆದಿಟ್ಟರು.

ಅನೇಕ ನಂಬಿಕೆಗಳ ಹಿಂದಿರುವುದು ಕಣ್ಣಿಗೆ ಕಾಣದ ಒಂದು ಕುಲ. ಅವರ ಹೆಸರೆತ್ತದೆ 'ಒಳ್ಳೆಯ ಜನ' ಎನ್ನುತ್ತಾರೆ, ನಮ್ಮ ಹಿರಿಯರು ರಾತ್ರಿ ಹೊತ್ತು ಹಾವನ್ನು 'ಹುಳ' ಎನ್ನುವಂತೆ. ಹೊಲಗಳ ನಡುವಿನ ಪುರಾತನ ಮಣ್ಣಿನ ಕೋಟೆಗಳೂ ಒಂಟಿಯಾಗಿ ನಿಂತ ಹಾಥಾರ್ನ್ ಮುಳ್ಳುಮರಗಳೂ ಅವರ ಸ್ವತ್ತು, ಕೈಯಿಟ್ಟವನಿಗೆ ಕೇಡು. 1999ರಲ್ಲಿ ಕ್ಲೇರ್ ಜಿಲ್ಲೆಯ ಲಾಟೂನಿನಲ್ಲಿ ಹೆದ್ದಾರಿಗಾಗಿ ಅಂಥದೊಂದು ಮರ ಉರುಳಬೇಕಿತ್ತು. ಕಥೆಗಾರ ಎಡ್ಡಿ ಲೆನಿಹನ್ ಪತ್ರಿಕೆಗೆ ಬರೆದು ಎಚ್ಚರಿಸಿದರು. ರಸ್ತೆಯೂ ಆಯಿತು, ಮರವೂ ಉಳಿಯಿತು.

ಮರವನ್ನು ಉಳಿಸಿದ ಅದೇ ನಂಬಿಕೆ, ಅದಕ್ಕೆ ನೂರು ವರ್ಷ ಹಿಂದೆ ಒಬ್ಬ ಹೆಣ್ಣುಮಗಳನ್ನು ಸುಟ್ಟಿತ್ತು. ಟಿಪ್ಪರರಿ ಜಿಲ್ಲೆಯ ಬ್ಯಾಲಿವಾಡ್ಲಿಯ ಬ್ರಿಜೆಟ್ ಕ್ಲಿಯರಿ ಬಟ್ಟೆ ಹೊಲಿದು, ಕೋಳಿ ಸಾಕಿ ನಾಲ್ಕು ಕಾಸು ಸಂಪಾದಿಸುತ್ತಿದ್ದವಳು. 1895ರ ಮಾರ್ಚ್‌ನಲ್ಲಿ ಕಾಯಿಲೆ ಬಿದ್ದಳು. ಗಂಡ ಮೈಕಲ್‌ಗೆ, ಇವಳು ನನ್ನ ಹೆಂಡತಿಯಲ್ಲ, ಅವಳನ್ನು 'ಆ ಜನ' ಒಯ್ದು ಬೇರೊಬ್ಬಳನ್ನು ಮಲಗಿಸಿದ್ದಾರೆ ಎಂಬ ಶಂಕೆ ಹತ್ತಿತು. ಬಂಧುಗಳು ಹಿಡಿದುಕೊಂಡರು, ಸೊಪ್ಪಿನ ಕಷಾಯವನ್ನು ಬಲವಂತವಾಗಿ ಕುಡಿಸಿದರು, 'ನೀನು ಬ್ರಿಜೆಟ್ಟೇ ಹೌದೇ?' ಎಂದು ಮತ್ತೆ ಮತ್ತೆ ಕೇಳಿದರು. ಹೆತ್ತ ತಂದೆಯೂ ಅಲ್ಲೇ ಇದ್ದ. ಕೊನೆಗೆ ಮೈಕಲ್ ಅವಳ ಮೇಲೆ ದೀಪದ ಎಣ್ಣೆ ಸುರಿದ.

ಗುರುಗಳಾದ ನಮ್ಮನ್ನು ಚುಚ್ಚುವುದು ಇನ್ನೊಂದು ಸಂಗತಿ. ಆ ದಿನಗಳಲ್ಲೇ ಗುರುಗಳು ಆ ಮನೆಗೆ ಹೋಗಿದ್ದರು, ರೋಗಿಗೆ ಸಂಸ್ಕಾರ ನೀಡಿದ್ದರು. ಹಾಸಿಗೆಯ ಸುತ್ತ ನಿಂತವರ ಮನಸ್ಸಿನಲ್ಲಿ ಏನಿದೆಯೆಂದು ಅವರಿಗೆ ತಿಳಿಯಲಿಲ್ಲ. ಅವರ ಮುಂದೆ ಯಾರೂ ಬಾಯಿ ಬಿಡಲಿಲ್ಲ.

ಅವಳು ಸತ್ತ ಮೇಲೂ ಮೈಕಲ್, ನಿಜವಾದ ಬ್ರಿಜೆಟ್ ಬಿಳಿ ಕುದುರೆಯೇರಿ ಬರುವಳೆಂದು ಮಣ್ಣಿನ ಕೋಟೆಯ ಬಳಿ ರಾತ್ರಿಯಿಡೀ ಕಾದ. ಅವಳ ಶವ ಒಂದು ವಾರದ ಬಳಿಕ ಮನೆಯ ಹತ್ತಿರವೇ, ಆಳವಿಲ್ಲದ ಗುಂಡಿಯೊಂದರಲ್ಲಿ ಪೊಲೀಸರಿಗೆ ಸಿಕ್ಕಿತು.