ಕಾಲುವೆಗಳ ರಾಜಧಾನಿಯಲ್ಲಿ ಎರಡು ದಿನ

ಹಂಪೆಯೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಕಲ್ಲಿನ ರಥ, ಕಮಲ ಮಹಲು, ಪಾಳುಬಿದ್ದ ಕೋಟೆಗೋಡೆಗಳು. ಆ ರಾಜಧಾನಿಗೆ ನೀರುಣಿಸಿದ ಕಾಲುವೆಗಳು ಇಂದಿಗೂ ಹರಿಯುತ್ತಿವೆ ಎಂಬುದು ಎಷ್ಟೋ ಯಾತ್ರಿಕರ ಗಮನಕ್ಕೆ ಬರುವುದಿಲ್ಲ. ಕಳೆದ ಚಳಿಗಾಲದಲ್ಲಿ ಯಲಹಂಕದಿಂದ ಸಕುಟುಂಬರಾಗಿ ಹೋಗಿ ಬಂದ ನಾವು, ಮುಂದೆ ಹೊರಡಲಿರುವ ಬಂಧುಗಳಿಗೆ ಉಪಯೋಗವಾಗಲೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಉತ್ತರ ಬೆಂಗಳೂರಿನವರಿಗೆ ಪ್ರಯಾಣ ಸುಲಭ. ರಾತ್ರಿ ಯಲಹಂಕ ನಿಲ್ದಾಣದಲ್ಲಿ ಹಂಪಿ ಎಕ್ಸ್‌ಪ್ರೆಸ್ ಏರಿದರೆ ಬೆಳಗಿಗೆ ಹೊಸಪೇಟೆ. ಅಲ್ಲಿಂದ ಹಂಪೆಗೆ ಸುಮಾರು 13 ಕಿಲೋಮೀಟರು. ಬಸ್ಸು, ಆಟೋ ಎರಡೂ ದೊರೆಯುತ್ತವೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತಕರ. ಬಂಡೆಗಳು ಕಾಯುವ ಮುನ್ನವೇ ತಿರುಗಾಟ ಮುಗಿಸಿ, ನಡುಹಗಲಿನಲ್ಲಿ ವಿಶ್ರಮಿಸುವುದು ಲೇಸು. ವಿಜಯವಿಠ್ಠಲ ದೇವಾಲಯಕ್ಕೆ ವಾಹನ ನಿಲ್ಲಿಸುವ ಸ್ಥಳದಿಂದ ಒಂದಿಷ್ಟು ದೂರವಿದೆ. ವೃದ್ಧರು ಬ್ಯಾಟರಿ ವಾಹನವನ್ನು ಆಶ್ರಯಿಸಬಹುದು. ಅಲ್ಲಿ ಕೊಂಡ ಟಿಕೆಟ್ಟು ಅದೇ ದಿನ ಕಮಲ ಮಹಲಿಗೂ ಸಲ್ಲುವುದರಿಂದ ಜೋಪಾನವಾಗಿಟ್ಟುಕೊಳ್ಳಬೇಕು. ಜಲಾಶಯದಿಂದ ನೀರು ಬಿಟ್ಟಾಗ ಹೊಳೆ ಏಕಾಏಕಿ ಏರುವುದುಂಟು. ಮಕ್ಕಳನ್ನು ಹೊಳೆಗಿಳಿಸುವಾಗ ಎಚ್ಚರವಿರಲಿ.

ನೀರಿನ ಜಾಡು ಹಿಡಿದು ನೋಡಿದರೆ ಹಂಪೆ ಬೇರೆಯೇ ಊರಾಗಿ ಕಾಣುತ್ತದೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಯ ತೋಪುಗಳನ್ನೂ ಅವುಗಳ ನಡುವೆ ಹರಿಯುವ ಕಾಲುವೆಗಳನ್ನೂ ಕಂಡು ಬೆರಗಾಗಿದ್ದನು. ಅರಮನೆಯ ಆವರಣದ ಮೆಟ್ಟಿಲು ಪುಷ್ಕರಣಿಗೆ ಕಂಬಗಳ ಮೇಲಿಟ್ಟ ಕಲ್ಲುದೋಣಿಗಳಲ್ಲಿ ನೀರು ಬರುತ್ತಿತ್ತು. ಏಕಶಿಲೆಯ ಬಡವಿಲಿಂಗದ ಗರ್ಭಗುಡಿಗೆ ಕಾಲುವೆಯ ನೀರೇ ಹರಿದುಬರುವುದು. ಲಿಂಗದ ಪೀಠ ಸದಾ ಜಲದಲ್ಲಿರುವುದನ್ನು ಕಂಡು ನಾವು ಬಹಳ ಹೊತ್ತು ಕೈಮುಗಿದು ನಿಂತೆವು. ಕೃಷ್ಣದೇವರಾಯನ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆಗಳ ಮೂಲ ಅಣೆಕಟ್ಟು ತುಂಗಭದ್ರಾ ಜಲಾಶಯದಲ್ಲಿ ಮುಳುಗಿದರೂ, ಈಗ ಅವು ಆ ಜಲಾಶಯದ ನೀರಿನಿಂದಲೇ ಹರಿಯುತ್ತಿವೆ.

ತುರ್ತು ಕಾಲುವೆ ಬಂಡೆಗುಡ್ಡಗಳ ನಡುವಿನ ಕಣಿವೆಯಲ್ಲಿ ಇಳಿಜಾರನ್ನೇ ನಂಬಿ ಸಾಗುತ್ತದೆ. ಇಕ್ಕೆಲಗಳಲ್ಲಿ ಬಾಳೆ, ಕಬ್ಬು, ಭತ್ತ. ಅಲ್ಲಿ ನಮ್ಮ ಮೊಮ್ಮಗ ಬಿಸ್ಕತ್ತಿನ ಹಾಳೆಯನ್ನು ನೀರಿಗೆಸೆದನು. ತೋಟದ ಹಿರಿಯರೊಬ್ಬರು ಒಂದು ಮಾತೂ ಆಡದೆ ಮೊಣಕಾಲುದ್ದ ನೀರಿಗಿಳಿದು ಅದನ್ನೆತ್ತಿ ತಂದರು. ಕಸ ಕಟ್ಟಿದರೆ ಕೆಳಗಿನ ಗದ್ದೆಯವನಿಗೆ ನೀರಿಲ್ಲವೆಂದು ಆಮೇಲೆ ಮೆಲ್ಲಗೆ ಹೇಳಿದರು. ನಮಗೆ ಬಹಳ ನಾಚಿಕೆಯಾಯಿತು.

ಏಕೆಂದರೆ ನಮ್ಮ ಮನೆಯ ಹಿಂದೆಯೂ ಒಂದು ಕಾಲುವೆಯಿದೆ. ಯಲಹಂಕ ಕೆರೆಯ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ ಹರಿಯುವಂತೆ ಹಿರಿಯರು ಕೆರೆಗಳನ್ನು ಸರಪಳಿಯಾಗಿ ಹೆಣೆದಿದ್ದರು. ಆ ರಾಜಕಾಲುವೆಗಳನ್ನು ನಾವು ಒತ್ತರಿಸಿದೆವು, ಕಸದಿಂದ ತುಂಬಿದೆವು. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಕೋಡಿಬಿದ್ದಾಗ ನೀರು ವಸತಿ ಸಮುಚ್ಚಯಕ್ಕೆ ನುಗ್ಗಿ, ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು.

ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರ ಹೆಸರನ್ನು ನಾವು ದಿನವೂ ಭಕ್ತಿಯಿಂದ ಹೇಳುತ್ತೇವೆ. ಅವರ ಕಾಯಕದ ಒಂದಂಶವಾದರೂ ನಮ್ಮ ಪಾಲಿಗಿರಬೇಡವೆ? ಊರಿಗೆ ಮರಳಿದ ಮೇಲೆ ಮನೆಯ ಹಿಂದಿನ ಕಾಲುವೆಗೆ ನಮ್ಮ ಮನೆಯಿಂದ ಕಸ ಹೋಗುವುದು ನಿಂತಿದೆ. ಈಗ ಮೊಮ್ಮಗನೇ ಅದರ ಕಾವಲುಗಾರ.